ಅರ್ಥ್

ಮೃಗಶಿರೆಯ ಮೊದಲ ಹನಿಗೆ ಟಾರ್ಪಾಲು ಹೊದ್ದು
ಮುಚ್ಚಿದ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಮಲಗಿದ್ದನ್ನು
ಚಿತ್ತೆ ಕಳೆದ ಮೇಲೆ ಎಬ್ಬಿಸಲು ಬಂದಿದ್ದೇವೆ.
ರಿಪ್ಪನ್‌ಪೇಟೆಯ ಹುಡುಗರ ಬಾಯಲ್ಲಿ ಅದು ಐಸ್‌ಕ್ಯಾಂಡಿ ಡಬ್ಬ.
ನಮಗೆ ಮನೆ: ಎರಡು ಚಕ್ರ, ಒಂದು ಮಂಚ, ಒಂದು ಒಲೆ,
ಜೀಪಿನ ಬೆನ್ನಿಗೊಂದು ಕೊಕ್ಕೆ.

ಬಾಗಿಲು ತೆಗೆದರೆ ಬೂಷ್ಟಿನ ವಾಸನೆ.
ದಿಂಬಿಗೆ ಹಸಿರು ಮೀಸೆ ಬಂದಿದೆ.
ಸ್ವಿಚ್ಚು ಒತ್ತಿದೆ. ಏನೂ ಇಲ್ಲ.
ಮೀಟರಿನ ಕಡ್ಡಿ ಬ್ಯಾಟರಿಗೆ ಮುಟ್ಟಿಸಿದರೆ
ಒಂಬತ್ತು ಪಾಯಿಂಟ್ ಎಂಟು.
"ಉಸಿರಿದೆ, ಮಾತಿಲ್ಲ" ಎಂದ ಹಾಲೇಶಪ್ಪ.

(ಗಂಡನ ಹೆಸರು ಹಿಡಿದು ಕರೆಯಬಾರದಂತೆ.
ಮೂವತ್ತೊಂದು ವರ್ಷ ಸಾಗರದ ಎಕ್ಸ್‌ಚೇಂಜಿನಲ್ಲಿ ಕೂತು
ತಾಲ್ಲೂಕಿನ ಗಂಡಸರ ಹೆಸರನ್ನೆಲ್ಲ ಕೂಗಿದವಳಿಗೆ
ಇದೊಂದು ಯಾವ ಲೆಕ್ಕ?)

ಬ್ಯಾಟರಿ ಒಂದು ರಾತ್ರಿ ಬಾಷಾನ ಅಂಗಡಿಯಲ್ಲಿ ಕುಡಿದು ಬಂತು.
ಮರುದಿನ ಒಳಗಿನ ಬಲ್ಬು ಹತ್ತಿತು, ಹಿಂದಿನವು ಹುಚ್ಚು ಹಿಡಿದವು:
ಬ್ರೇಕು ತುಳಿದರೆ ಎಡಗಣ್ಣು ಮಿಟುಕಿಸುತ್ತದೆ,
ಬಲಕ್ಕೆ ಕೈ ತೋರಿಸಿದರೆ ಎರಡೂ ಮಂಕು,
ಜ್ವರದವರ ಕಣ್ಣಿನ ಹಾಗೆ.

ತಳದಲ್ಲಿ ಗೋಣಿ ಹಾಸಿ ಮಲಗಿದೆ.
ನೋಡಿದರೆ ಏಳಕ್ಕೆ ಏಳೂ ವೈರು ಕೆಂಪು!
"ಅಂಗಡಿಯಲ್ಲಿ ಅವತ್ತು ಕೆಂಪು ಮಾತ್ರ ಇತ್ತು,
ಯಾವುದು ಯಾವುದಂತ ನೆನಪಿರುತ್ತೆ ಅಂದುಕೊಂಡೆ."
ಗಿರಣಿಯಲ್ಲಿ ಫಿಟ್ಟರಾಗಿದ್ದವನು, ನಟ್ಟಿನ ನಂಬರು ಮರೆಯುವುದಿಲ್ಲ.
ನೆನಪಿರುವುದಕ್ಕೂ ನಟ್ಟೇ ಆಗಬೇಕು.

ಹಾಗಾಗಿ ಒಂದೊಂದನ್ನೇ ಕರೆದೆ.
ಈ ತುದಿಗೆ ನಾನು, ಆ ತುದಿಗೆ ಅವನು.
"ಹಲೋ, ಇದು ಎಡಗಡೆಯಾ?"
"ರಾಂಗ್ ನಂಬರ್, ಆಪರೇಟರ್, ಇಲ್ಲಿ ಬ್ರೇಕು."
ಕುಯ್ ಎಂದಿತು ಮೀಟರು. ಮುಂದಿನದು. ಕುಯ್.
ಹಳೆಯ ಬೋರ್ಡಿನ ಕಾರ್ಡುಗಳು
ಬೆರಳಿಗೆ ತಾವಾಗಿಯೇ ನೆನಪಾದವು.
ಆರು ಲೈನು ಸರಿ. ಏಳನೆಯದು ಎತ್ತಲಿಲ್ಲ.

ಏಳನೆಯದು ಅರ್ಥ್.

ಹೋದ ಕರೆಂಟು ಮನೆಗೆ ಬರಲು ದಾರಿ ಅದೇ.
ಅದು ಕಟ್ಟಿಕೊಂಡರೆ, ಪಾಪ, ಅದೇನು ಮಾಡೀತು,
ಪಕ್ಕದ ಬಲ್ಬಿನ ಅಂಗಳ ಹಾಯ್ದು
ಹಿತ್ತಿಲ ಬಾಗಿಲಿಂದ ಬರುತ್ತದೆ,
ಅವರ ದೀಪವನ್ನೂ ಎಬ್ಬಿಸಿಕೊಂಡು.

ಜೀಪಿನ ಮೈಗೊಂದು ವೈರು, ಡಬ್ಬದ ಚಾಸಿಗೊಂದು ತುದಿ
ಸುಮ್ಮನೆ ಹಿಡಿದೆ. ಎಲ್ಲ ಸರಿಯಾಯಿತು.
ಬಿಟ್ಟೆ. ಮತ್ತೆ ಹುಚ್ಚು.
"ಹಂಗಾದ್ರೆ ದಾರಿಯುದ್ದ ನೀನೇ ಹಿಡ್ಕೊಂಡು ಓಡಿ ಬಾ."
ಗೋಣಿಯಡಿಯಿಂದ ಸ್ಪ್ಯಾನರ್ ಎಸೆದೆ. ತಾಗಲಿಲ್ಲ.

ಪ್ಲಗ್ಗಿನ ಮೂತಿ ಬೆಳಕಿಗೆ ಹಿಡಿದಾಗ ಕಂಡಿತು.
ಏಳು ತೂತಿನಲ್ಲಿ ಒಂದಕ್ಕೆ ಬಾಯಿಲ್ಲ.
ಬೆರಳಲ್ಲಿ ಸವರಿದಷ್ಟು ನುಣ್ಣಗೆ, ಗೋಡೆ ಸಾರಿಸಿದಂತೆ
ಯಾವುದೋ ಕಣಜ ಮಳೆಗಾಲದಲ್ಲಿ ಬಂದು
ಮಣ್ಣು ಮೆತ್ತಿ ಹೋಗಿತ್ತು.
ಆರು ತೂತು ಬಿಟ್ಟು ಅರ್ಥಿನ ತೂತಿಗೇ ಮಣ್ಣು!
ಅದಕ್ಕೆ ಇಂಗ್ಲಿಷು ಬರುತ್ತಿತ್ತೋ ಏನೋ.

ಪಿನ್ನಿನಿಂದ ಕೆದಕಿದೆ.
ಮಣ್ಣಿನ ಹಿಂದೆ ಮೂರು ಪುಟ್ಟ ಜೇಡ, ಕಾಲು ಮಡಚಿ, ಇನ್ನೂ ಮೆತ್ತಗೆ.
ಅವುಗಳ ನಡುವೆ ಅಕ್ಕಿ ನುಚ್ಚಿನಷ್ಟು ಬಿಳಿ,
ತಿರುಗಲು ನೋಡುತ್ತಿದ್ದ ಒಂದು ಹುಳು.
ಬುತ್ತಿ ಕಟ್ಟಿಟ್ಟು ಬಾಗಿಲು ಹಾಕಿ ಹೋಗಿದ್ದಳು ತಾಯಿ.
ನನ್ನ ಲೈನು ಕೂಡಿಸಲು ಅವಳದನ್ನು ಕಡಿದೆ.
ಹಾಲೇಶಪ್ಪ ಬೆಂಕಿಪೊಟ್ಟಣದ ಮುಚ್ಚಳ ತಂದು
ಎಲ್ಲವನ್ನೂ ಅದರೊಳಗೆ ಸುರಿದು, ತೊಲೆಯ ಮೇಲಿಟ್ಟ.
ಬದುಕುತ್ತದೆಯೇ ಎಂದು ಇಬ್ಬರೂ ಕೇಳಲಿಲ್ಲ.

ಸಂಜೆ ಅವನು ಬಿಳಿ ಟೇಪು ಹರಿದು ಹರಿದು
ಕೆಂಪು ವೈರುಗಳಿಗೆ ಹೆಸರು ಅಂಟಿಸಿದ:
ಎಡ, ಬಲ, ಬ್ರೇಕು... ಕೊನೆಯದಕ್ಕೆ ಅರ್ಥ.
ಅರ್ಧಾಕ್ಷರ ಬಿಟ್ಟಿದ್ದೀ ಎನ್ನಬೇಕೆಂದಿದ್ದೆ.
ಹಿಂದಿನ ದೀಪಗಳೆರಡೂ ಒಟ್ಟಿಗೆ ಉರಿಯುತ್ತಿದ್ದವು,
ಶೆಡ್ಡಿನ ತಗಡು ಕೆಂಪಾಗಿತ್ತು.

ಫ್ಯಾನು ಇನ್ನೂ ತಿರುಗುತ್ತಿಲ್ಲ.