ಕತ್ತಲ ಕ್ರಿಯೆ

ನವೆಂಬರ್ ಮುಗಿಯುವ ಹೊತ್ತಿಗೆ ವಾರ್ಡೆಯಲ್ಲಿ ಸೂರ್ಯ
ಅಂಗಡಿ ಮುಚ್ಚಿ ಹೊರಟುಬಿಡುತ್ತಾನೆ.
ಬೆಳಗಿನ ಹತ್ತಕ್ಕೂ ದೀಪ ಹಾಕಿಕೊಂಡೇ ಎಲೆಯ ಪಾಠ.
ಮರವಿಲ್ಲದ ದ್ವೀಪ. ನಮ್ಮ ಪಾಲಿಗೆ
ಟ್ಯೂಬ್‌ಲೈಟಿನ ಭಿಕ್ಷೆಯಲ್ಲಿ ಜೀವ ಹಿಡಿದ ಒಂದು ಜೆರೇನಿಯಂ,
ಸ್ಪೇನಿನಿಂದ ಲಾರಿ ಹತ್ತಿ ಬಂದ ಪಾಲಕ್ ಸೊಪ್ಪು.

ಅರೆದೆವು. ಬಟ್ಟೆಯಲ್ಲಿ ಸೋಸಿದೆವು.
ಗಾಜಿನ ಮೇಲೆ ಒಂದು ಹನಿ.
"ನೋಡಿ, ಹಸಿರೆಂದರೆ ಎಲೆಗೆ ಬಳಿದ ಬಣ್ಣವಲ್ಲ,
ಕೋಶದ ಗೋಡೆಗೊರಗಿ ಕೂರುವ
ಈ ಪುಟ್ಟ ಪುಟ್ಟ ಬಿಲ್ಲೆ."

ಬಿಲ್ಲೆಯ ಒಳಗು ನಮ್ಮ ಸೂಕ್ಷ್ಮದರ್ಶಕಕ್ಕೆ ನಿಲುಕದು.
ಹಲಗೆಯ ಮೇಲೆ ಬಿಡಿಸಿದೆ:
ರೊಟ್ಟಿಯ ಹಾಗೆ ಪೇರಿಸಿಟ್ಟ ಥೈಲಕಾಯ್ಡ್ ಚೀಲಗಳು,
ಬೆಳಕು ಬಂದು ಬೀಳುವುದು ಅವುಗಳ ತೆಳುಪೊರೆಯ ಮೇಲೆ,
ನೀರು ಸೀಳುವುದು ಅಲ್ಲೇ;
ಬೇಡವೆಂದು ಅದು ಬಿಸುಟದ್ದು ನಮ್ಮ ಉಸಿರು.
ಸುತ್ತ ಸ್ಟ್ರೋಮಾ, ಗಂಜಿಯಂಥ ದ್ರವ,
ಗಾಳಿಯ ಇಂಗಾಲ ಹಿಡಿದು ಸಕ್ಕರೆ ಹೊಸೆಯುವ ಜಾಗ.
ರುಬಿಸ್ಕೋ ಅಲ್ಲಿಯ ಆಳು. ಬಲು ನಿಧಾನಿ,
ಸೆಕೆಂಡಿಗೆ ಮೂರು ಹಿಡಿದರೆ ಹೆಚ್ಚು.
ಹಳೆಯ ಪುಸ್ತಕಗಳು ಈ ಕೆಲಸಕ್ಕಿಟ್ಟ ಹೆಸರು
ಕತ್ತಲ ಕ್ರಿಯೆ.

ಹಿಂದಿನ ಬೆಂಚಿನ ಐಲರ್ಟ್ ತಲೆಯೆತ್ತಿದ,
ಆ ಚಳಿಗಾಲದಲ್ಲಿ ಮೊದಲ ಸಲ.
"ಹಾಗಾದ್ರೆ ದೀಪ ಆರಿಸಿ ನಾವು ಹೋದ ಮೇಲೂ
ಜೆರೇನಿಯಂ ಒಳಗೆ ನಡೀತಾನೇ ಇರುತ್ತಾ?"

ಹೌದು ಎನ್ನುವ ಆಸೆ ನಾಲಿಗೆಯ ತುದಿಗೆ ಬಂತು.
ಎರಡು ತಿಂಗಳ ಇರುಳಿಗೂ ಒಂದು ಕಸುಬಿರಲಿ ಎಂದು.
"ಇಲ್ಲಪ್ಪ," ಅಂದೆ. "ಹೆಸರು ಸುಳ್ಳು.
ಅದೂ ಹಗಲಿನ ದುಡಿಮೆಯೇ.
ತಾನಾಗಿ ಬೆಳಕು ಮುಟ್ಟುವುದಿಲ್ಲ, ಅಷ್ಟೆ.
ಪೊರೆ ಕಳಿಸುವ ಎಟಿಪಿ ನಿಂತರೆ..."

"ಅಮ್ಮನ ಶೆಡ್ಡು," ಅಂದ.
ಅವನಮ್ಮ ಓಡ್ಲೌಗ್ ಧಕ್ಕೆಯಲ್ಲಿ ಮೀನು ಸೀಳುವವಳು.
"ಅವಳು ಸಮುದ್ರದ ಕಡೆ ತಿರುಗಿಯೂ ನೋಡಲ್ಲ.
ಆದ್ರೆ ದೋಣಿ ಬರದ ದಿನ
ಚಾಕು ಒರೆಸಿಟ್ಟು, ಕಾಫಿ ಕುಡಿದು, ಮನೆಗೆ ಬರ್ತಾಳೆ."

ಹಲಗೆಯ ಮೇಲಿನ ನನ್ನ ಬಾಣಗಳೆಲ್ಲ
ಬಡವಾಗಿ ಕಂಡವು.

ಜನವರಿಯಲ್ಲಿ ಸೂರ್ಯ ಇಡಿಯಾಗಿ ಕಂಡ ದಿನ
ಕೋಟೆಯಲ್ಲಿ ತೋಪು ಹಾರಿತು, ಶಾಲೆಗೆ ರಜೆ.
ನಾನು ಬೀಗ ತೆಗೆದು ಒಳಹೊಕ್ಕು
ಕುಂಡವನ್ನು ತೆಂಕಣ ಕಿಟಕಿಗೆ ತಳ್ಳಿದೆ.
ಸ್ವಲ್ಪವೇ ಬೆಳಕು, ಅದೂ ಓರೆಯಾಗಿ.
ರುಬಿಸ್ಕೋಗೆ ಮೈಮುರಿದು ಏಳಲೂ ಹೊತ್ತು ಬೇಕು.
ಕೋಟು ಬಿಚ್ಚದೆ ಕಾದು ಕೂತೆ.
ಧಕ್ಕೆಯ ಕಡೆ ಯಾವುದೋ ದೋಣಿ ಕೂಗಿತು.