ನದಾಫರ ಬಿಲ್ಲು

ಬೆಟಗೇರಿಯೊಳಗ ಆ ಮುಂಜಾನೆ
ಮಗ್ಗ ಸುದ್ದಾ ನಡುಗಿಕೋತ ಬಡಿತಿದ್ವು.
ಶಟರ್ ಅರ್ಧಾ ಎತ್ತಿದ್ದೆ, ಅಷ್ಟರಾಗ
ಹೂಗಾರರ ದಾಕ್ಷಾಯಣಿ ಬಗ್ಗಿ ಒಳಗ ಬಂದು
ಬಾಲದಂಗ ವೈರಿದ್ದ ಪ್ಲಾಸ್ಟಿಕ್ ಕಲ್ಲೊಂದು ಕೌಂಟರ್ ಮ್ಯಾಲಿಟ್ಟಳು.
"ಕಾಕಾ, ಈ ಬಿಸಿ ಕಲ್ಲಿನ ಬದ್ಲಿ ಏನರ ಮಾಡಿಕೊಡ್ರಿ.
ನನ್ನ ಹಾವಿಗೆ ಥಂಡಿ ಆಗೇತಿ."

ಇಸ್ತ್ರಿ, ಮಿಕ್ಸರ್, ಬೋರಿನ ಮೋಟರ್,
ಮಸೂತಿ ಮೈಕು, ಮಠದ ನಗಾರಿ ಬಾರಸೋ ಮಷೀನು,
ಇಪ್ಪತ್ತಾರು ವರ್ಷದಾಗ ಎಲ್ಲಾ ಈ ಟೇಬಲ್ ಮ್ಯಾಲೆ
ಮಲಗಿ ಎದ್ದು ಹೋಗ್ಯಾವ.
ಹಾವಿನ ಕೆಲಸ ಬಂದಿದ್ದಿಲ್ಲ.

ನಾಗಪ್ಪ ಅಲ್ಲಂತ. ಆಫ್ರಿಕಾದ ಸಣ್ಣ ಜಾತಿ ಹೆಬ್ಬಾವು.
ಫಾರೆಸ್ಟಿನವರ ಕಾಗದ ಐತಿ. ಹೆಸರು ಉಂಡಿ.
ಅಂಜಿದರ ತಲಿ ಒಳಗ ಮುಚಗೊಂಡು
ಪಂಚಮಿ ಶೇಂಗಾ ಉಂಡಿ ಆಗತೈತಿ, ಅಷ್ಟ.
ಫೋನಿನಾಗ ಅದರ ಹೊಟ್ಟಿ ತೋರಿಸಿದಳು:
ಎರಡು ಬೆರಳಗಲ ಸುಟ್ಟಿತ್ತು,
ಒಣಗಿದ ಉಳ್ಳಾಗಡ್ಡಿ ಸಿಪ್ಪಿ ಹಂಗ.

"ಸುಡೂ ಮುಂದ ಸರೀಲಿಲ್ಲೇನ?"
"ಬೆನ್ನಿಗೆ ಬಿಸಲು ಬಿದ್ದರ ತಿಳಿತೈತಿ ಕಾಕಾ,
ಹೊಟ್ಟಿ ಕೆಳಗಿನ ಬೆಂಕಿ ಲಗೂನ ತಿಳಿಯೂದಿಲ್ಲ.
ಬೆಚ್ಚಗ ಐತಿ ಅನಕೋತನ ಬೇಯತೈತಿ."

ನಾ ನದಾಫರ ಹುಡುಗ. ಮುತ್ಯಾ ಬಿಲ್ಲು ಹೆಗಲಿಗೇರಿಸಿ
ಮುಳಗುಂದ, ಲಕ್ಕುಂಡಿ, ಓಣಿ ಓಣಿ
ಟಂಯ್ ಟಂಯ್ ಅಂತ ಹತ್ತಿ ಹಿಂಜಿದಾಂವ.
ಅಪ್ಪಾ ಗಾದಿ ಹೊಲದಾಂವ.
ಬಾಯಿಗೆ ಬಂದದ್ದೂ ಅದ:
"ಒಂದು ಸಣ್ಣ ಗಾದಿ ಹಾಕಿದರ?"

ಹುಡುಗಿ ನಕ್ಕಳು. ಕೆಟ್ಟ ನಗಿ ಅಲ್ಲ.
"ಗಾದಿ ಏನ ಕೊಡತೈತಿ ಕಾಕಾ?
ನಿಮ್ಮ ಮೈಯಾಗಿನ ಬಿಸಿ ನಿಮಗ ತಿರುಗಿ ಕೊಡತೈತಿ.
ಇದರ ಕಡೆ ಸ್ವಂತದ್ದು ಇಲ್ಲ."

ಸ್ಕ್ರೂಡ್ರೈವರ್ ಹಂಗ ಹಿಡಕೊಂಡು ನಿಂತೆ.
ಎರಡು ತಲಿಮಾರು ನಾವು ಬೆಚ್ಚಗಿಂದು ಮಾರೇವಿ
ಅಂತ ತಿಳಕೊಂಡಿದ್ದೆ.
ಮಂದಿದು ಮಂದಿಗೆ ಕೊಟ್ಟು ರೊಕ್ಕಾ ಇಸಗೊಂಡೇವಿ.

ಗಾಜಿನ ಪೆಟಗಿ ಕೆಳಗ, ಹೊರಗಿನಿಂದ,
ಮೂರರಾಗ ಒಂದು ಪಾಲಿಗೆ ಬಿಸಿ ಪಟ್ಟಿ ಅಂಟಿಸಿದೆ.
ಒಳಗ ಬಲ್ಬ್ ಇಲ್ಲ, ಕಲ್ಲಿಲ್ಲ.
ಈ ಕಡೆ ಮೂವತ್ತೆರಡು ಡಿಗ್ರಿ, ಆ ಕಡೆ ಇಪ್ಪತ್ತಾರು.
"ಎಲ್ಲಾ ಕಡೆ ಒಂದ ಯಾಕ ಬ್ಯಾಡ?"
"ಸಾಕಾತಂದ್ರ ಎದ್ದು ಹೋಗಾಕ ಜಾಗಾ ಬೇಕಲ್ಲ."

ಎರಡು ರಾತ್ರಿ ಖಾಲಿ ಪೆಟಗಿ ಕಾಸಿ ನೋಡ್ರಿ ಅಂದಳು.
ನನಗ ಸಿಟ್ಟು ಬಂತು. ನನ್ನ ಕೈಮ್ಯಾಲೆ ಅನುಮಾನ?
ಎರಡನೇ ರಾತ್ರಿ ಮೂರಕ್ಕ ಎದ್ದು ನೋಡಿದೆ.
ನಲವತ್ತೆಂಟು.
ಹಳೇ ಸಾಮಾನಿನಾಗಿಂದ ತೆಗೆದು ಹಾಕಿದ್ದ ಥರ್ಮೋಸ್ಟಾಟು,
ಪಾಯಿಂಟಿಗೆ ಪಾಯಿಂಟು ಕಚ್ಚಿಕೊಂಡು ಬಿಟ್ಟಿದ್ದಿಲ್ಲ.
ಖಾಲಿ ಗಾಜು. ಬೇಯಾಕ ಯಾರೂ ಇಲ್ಲ.
ಆ ಥಂಡಿಯಾಗ ಒಬ್ಬನ ಕುಂತು ಬೆವತೆ.

ಹುಬ್ಬಳ್ಳಿಗೆ ಹೋಗಿ ಹೊಸಾದು ತಂದೆ. ಒಂದಲ್ಲ, ಎರಡು:
ಒಂದು ಕೆಟ್ಟರ ಇನ್ನೊಂದು ಕರೆಂಟ್ ಕಡೀಬೇಕು.
ಮತ್ತ ಎರಡು ರಾತ್ರಿ ಕಾಯ್ದೆ, ಯಾರೂ ಹೇಳದ.
ಕರೆಂಟ್ ಹೋದರ ಇರಲಿ ಅಂತ
ಬಿಸಿನೀರಿನ ಬಾಟಲಿಗೆ ಅಪ್ಪನ ಗಾದಿ ತುಂಡಿನ ಅಂಗಿ ಹೊಲದೆ.
ಬಾಟಲಿಗಾದರೂ ಸ್ವಂತದ್ದು ಒಂದೀಟು ಇರತೈತಿ.

ವಾರ ಬಿಟ್ಟು ಫೋನು. "ಕಾಕಾ, ಎದ್ದು ಹೋತು!"
ಎದಿ ಧಸಕ್ಕಂತು. "ಎಲ್ಲಿಗೆ?"
"ತಂಪಿನ ಕಡೆ! ಒಂದು ತಾಸು ಕಾಸಿಕೊಂಡು, ಸಾಕಂತ."

ಬಿಲ್ಲು ಬರಿಯಾಕ ಕುಂತೆ. ಮುತ್ಯಾನ ಬಿಲ್ಲು
ಅಟ್ಟದ ಮ್ಯಾಲ ಐತಿ ಇನ್ನೂ, ನರ ಸಡಲಾಗಿ.
ಪಟ್ಟಿ ಒಂದು. ಥರ್ಮೋಸ್ಟಾಟ್ ಒಂದು.
ಎರಡನೇದರ ರೊಕ್ಕಾ ಹಿಡೀಲಿಲ್ಲ.
ಕೆಳಗ ಒಂದು ಗೆರಿ ಖಾಲಿ ಉಳಿದಿತ್ತು, ಬರದೆ:
ಗಾದಿ, ಅರ್ಧಾ.