ಗಾಳಿಗೆ ಅಡ್ಡ

ಫಾರಂ ಕೇಳುತ್ತದೆ: ಅತ್ಯಂತ ಕೆಟ್ಟದ್ದು ಏನಾಗಬಹುದು?
ದೊಡ್ಡ ಟ್ಯಾಂಕು ಬಿರಿದು ಹತ್ತು ನಿಮಿಷದಲ್ಲಿ
ಇದ್ದಷ್ಟೂ ಅಮೋನಿಯಾ ಹೊರಗೆ, ಎಂದು ಬರೆದೆ.
ಗಾಳಿಯ ವೇಗ? ಸೆಕೆಂಡಿಗೆ ಒಂದೂವರೆ ಮೀಟರು,
ಅಂದರೆ ಸೋಹಾರಿನ ಈ ದಂಡೆಯಲ್ಲಿ
ಮುದುಕನೊಬ್ಬ ನಮಾಜಿಗೆ ನಡೆಯುವಷ್ಟು.

ರೋಡೆಲ್ ನಕ್ಷೆಯ ಮೇಲೆ ವೃತ್ತ ಎಳೆದ.
ಗಂಡಾಂತರಕ್ಕೆ ಎಷ್ಟು ನುಣುಪಾದ ಅಂಚು!
ಒಳಗೆ ಯಾರಿದ್ದಾರೆ? ಹೆಸರು ಬೇಡ, ಸಂಖ್ಯೆ ಸಾಕು.
ಒಂದು ಶಾಲೆ, ಎರಡು ಮಸೀದಿ, ಪೆಟ್ರೋಲ್ ಬಂಕು,
ಖರ್ಜೂರದ ತೋಟಕ್ಕೆ ನೀರು ಬಿಡುವ ಇಬ್ಬರು,
ಶುಕ್ರವಾರ ಮಾತ್ರ ತುಂಬುವ ಕ್ರಿಕೆಟ್ ಬಯಲು,
ಮತ್ತೆ ನಮ್ಮದೇ ಕ್ಯಾಂಪು.

ನವಸಾಗರ ಅಂದರೆ ಅಪ್ಪನಿಗೆ ಅನ್ನ.
ಗದಗಿನ ಓಣಿಗಳಲ್ಲಿ ತಿದಿ ಒತ್ತಿ
ಕಾದ ಹಿತ್ತಾಳೆ ಹಂಡೆಯೊಳಗೆ ಚಿಟಿಕೆ ಉದುರಿಸಿ
ಅರಿವೆಯಿಂದ ತವರ ತಿಕ್ಕಿದರೆ
ಭುಸ್ಸೆಂದು ಬಿಳಿ ಹೊಗೆ, ಆಮೇಲೆ ಹಂಡೆಯೊಳಗೆ ಬೆಳ್ಳಿ.
ಮುಖ ಆ ಕಡೆ ತಿರುಗಸು ಶಮೀಮಾ, ಅನ್ನುತ್ತಿದ್ದ.
ಅದೊಂದೇ ಅವನ ಸುರಕ್ಷತಾ ನಿಯಮ.
ತನ್ನ ಮುಖ ತಿರುಗಿಸಲಿಲ್ಲ;
ಕೈಯಲ್ಲಿ ಹಂಡೆ ಇತ್ತು.

ಅದೇ ವಾಸನೆಯ ಹದಿನೈದು ಸಾವಿರ ಟನ್ನಿನ ಪಕ್ಕ
ಈಗ ಪೆನ್ನು ಹಿಡಿದು ಕೂತಿದ್ದೇನೆ.

ಕ್ಯಾಂಪ್ ಬಾಸ್ ಸುಗುಣನ್ ಕೊಟ್ಟ ಲೆಕ್ಕ: ಮುನ್ನೂರ ಹನ್ನೆರಡು.
ಅದು ಮಂಚದ ಲೆಕ್ಕ.
ಹಗಲು ಪಾಳಿಯವನು ಎದ್ದಲ್ಲಿ ರಾತ್ರಿ ಪಾಳಿಯವನು ಮಲಗುತ್ತಾನೆ,
ದಿಂಬು ಆರುವುದೇ ಇಲ್ಲ.
ಆರುನೂರ ಇಪ್ಪತ್ತನಾಲ್ಕು ಎಂದು ತಿದ್ದಿದೆ.
ಸುಗುಣನ್ ಮೂರು ದಿನ ಮಾತು ಬಿಟ್ಟ.

ಗೇಟಿನ ಪೀರ್ ಬಖ್ಶ್, ಹಿಂದೆ ಬಲೆ ಬೀಸುತ್ತಿದ್ದ ಬಲೂಚಿ,
ವೃತ್ತ ನೋಡಿ ನಕ್ಕ. ಗಾಳಿ ಗುಂಡಗೆ ಹೋಗುತ್ತದಾ?
ರಾತ್ರಿ ನೆಲದಿಂದ ಕಡಲಿಗೆ, ಹಗಲು ಕಡಲಿಂದ ನೆಲಕ್ಕೆ,
ನಡುವೆ, ಫಜರ್ ಮುಗಿದ ಮೇಲೆ, ಅರ್ಧ ತಾಸು
ಅದು ನಿಲ್ಲುತ್ತದೆ. ಬೀಡಿಯ ಹೊಗೆ ಕೂಡ
ಎತ್ತ ಹೋಗಲಿ ಎಂದು ನಿನ್ನನ್ನೇ ಕೇಳುತ್ತದೆ.

ಆ ಅರ್ಧ ತಾಸಿನಲ್ಲಿ ಯಾರು ಎಲ್ಲಿರುತ್ತಾರೆ?
ಫಾರಂ ಕೇಳಿರಲಿಲ್ಲ. ಮರುದಿನ ಹೋಗಿ ನೋಡಿದೆ:
ಬೇಲಿಯ ಪಕ್ಕ, ಟ್ಯಾಂಕಿಗೆ ಬೆನ್ನು ಹಾಕಿ
ಬಸ್ಸಿಗೆ ಕಾಯುವ ನೂರ ಮೂವತ್ತು ಜನ,
ಟಿಫಿನ್ ಡಬ್ಬಿ, ಮೊಬೈಲಿನ ಬೆಳಕಲ್ಲಿ
ಯಾರದೋ ಮಗುವಿನ ಹೊಸ ಹಲ್ಲು.
ಕಂಬದ ಗಾಳಿಚೀಲ ಜೋತು ಬಿದ್ದಿತ್ತು,
ಕೈ ಇಲ್ಲದ ತೋಳಿನ ಹಾಗೆ.

ವೃತ್ತದಾಚೆಗಲ್ಲ, ಅಷ್ಟು ದೂರ ಯಾರು ನಡೆದಾರು?
ಒಳಹೊಕ್ಕು ಬಾಗಿಲು ಹಾಕಿಕೊಳ್ಳಬಹುದಾದ
ಒಂದು ಗೋದಾಮಿನ ಮಗ್ಗುಲಿಗೆ ಬಸ್ ಸ್ಟಾಪು ಸರಿಸಲು
ಹನ್ನೊಂದು ತಿಂಗಳು, ನಾಲ್ಕು ಇಲಾಖೆ, ಏಳು ಸಹಿ.
ಕ್ಯಾಂಪಿನ ತುಂಬ ಬೈಗುಳ.
ಹನ್ನೆರಡು ನಿಮಿಷದ ನಿದ್ದಿ ಕದ್ದಾಕಿ ನೀನ ಏನು,
ಎಂದು ಕೊಪ್ಪಳದ ದ್ಯಾಮಣ್ಣ ಮುಖಕ್ಕೇ ಕೇಳಿದ.

ಸೈರನ್ ಆದ ಮೇಲೆ ಅರಬ್ಬಿ, ಇಂಗ್ಲಿಷ್, ಉರ್ದು,
ಮಲಯಾಳ, ಬಂಗಾಳಿ ಹೇಳುತ್ತದೆ. ನಮ್ಮದಿಲ್ಲ.
ಚಾ ಕುಡಿಯುತ್ತ ನಾನೇ ಹೇಳಿದೆ:
ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅದು ಜ್ವಾಳಕ್ಕ.
ಇಲ್ಲಿ ಗಾಳಿ ಜೋಡಿ ಓಡಬ್ಯಾಡ, ಎದುರೂ ಓಡಬ್ಯಾಡ.
ಅಡ್ಡ ನಡಿ. ಎತ್ತು ಸಾಲು ಬಿಟ್ಟು
ಬದು ಏರತೈತಲ್ಲ, ಹಂಗ.

ಗಾಳೀನ ಇಲ್ಲದಾಗ?

ಒಳಗ ಹೋಗಿ ಬಾಗಲಾ ಹಾಕ್ಕೋ. ಅದಕ್ಕ ಸ್ಟಾಪು ಸರಿಸೀನಿ.
ಅವನು ಏನೂ ಅನ್ನಲಿಲ್ಲ. ಲೋಟ ತೊಳೆದಿಟ್ಟ.

ಐದು ವರ್ಷವಾಯಿತು. ಏನೂ ಆಗಿಲ್ಲ.
ಏನೂ ಆಗದ್ದಕ್ಕೆ ರಸೀದಿ ಇರುವುದಿಲ್ಲ.

ಈಗ ಎರಡನೇ ಟ್ಯಾಂಕು, ಮೊದಲಿನದಕ್ಕಿಂತ ದೊಡ್ಡದು.
ವೃತ್ತ ಕಡಲಿಗೆ ಇಳಿದಿದೆ.
ನೀರಿನ ಮೇಲೆ ರೋಡೆಲ್ ಸೊನ್ನೆ ಹಾಕುತ್ತಿದ್ದ.
ತಡೆ, ಎಂದೆ. ದೋಣಿಗೆ ಬಾಗಿಲಿಲ್ಲ. ಪೀರ್ ಬಖ್ಶನನ್ನು ಕರಿ.

ರಾತ್ರಿ ಎಷ್ಟು ದೋಣಿ?
ಅವನಿಗೆ ಸಂಖ್ಯೆ ಬಾರದು. ಬೆರಳು ಮಡಚುತ್ತಾನೆ:
ಸುಹೈಲನದು, ಅವನ ಭಾವನದು, ಇಬ್ಬರು ಬಂಗಾಳಿಗಳದು,
ಇಂಜಿನ್ ಕೆಟ್ಟು ದಡದಲ್ಲಿ ಬಿದ್ದಿರುವ ನೀಲಿಯದು.
ಅದನ್ನೂ ಬರೆಯುತ್ತೀಯಾ?